ಪಾಯೆಸ್ ಕಂಡ ಶ್ರೀರಂಗಪಟ್ಟಣದ ಬೀಗರು

ಹಂಪಿಯಲ್ಲಿ ಮಹಾನವಮಿಯ ಒಡ್ಡೋಲಗ. ಕೃಷ್ಣದೇವರಾಯ ಬಿಳಿ ಬಟ್ಟೆ ತೊಟ್ಟು, ಮೈತುಂಬ ಒಡವೆ ಹೇರಿಕೊಂಡು ಕೂತಿದ್ದಾನೆ. ದಂಡನಾಯಕರು ಒಬ್ಬೊಬ್ಬರಾಗಿ ಬಂದು ಕೈಮುಗಿದು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದಾರೆ. ರಾಜನೆದುರು ಕೂರುವ ಭಾಗ್ಯ ಬೆರಳೆಣಿಕೆಯ ಮಂದಿಗೆ ಮಾತ್ರ. ಹೆಣ್ಣು ಕೊಟ್ಟ ಮಾವಂದಿರು ಆ ಕೆಲವರಲ್ಲಿ ಸೇರಿದ್ದಾರೆ. ಅವರಲ್ಲೂ ಒಬ್ಬಾತ ಉಳಿದವರ ಹಾಗೆ ಹಿಂದೆ ಸರಿದು ಕೂತಿಲ್ಲ. ಜಗಲಿಯ ಆಚೆ ಬದಿಯಲ್ಲಿ, ರಾಜ ಎಷ್ಟು ಮುಂದಿದ್ದಾನೋ ಅಷ್ಟೇ ಮುಂದೆ ಆತನ ಆಸನ. ಆತ ಶ್ರೀರಂಗಪಟ್ಟಣದ ದೊರೆ.

ಈ ಕೂರುವ ಲೆಕ್ಕವನ್ನು ಬರೆದಿಟ್ಟವನು ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್. 1520ರ ಆಸುಪಾಸಿನಲ್ಲಿ ಗೋವೆಯ ಕಡೆಯಿಂದ ವಿಜಯನಗರಕ್ಕೆ ಬಂದವನು. ನಮ್ಮ ಶಾಲೆಯ ಇತಿಹಾಸ ಪುಸ್ತಕದಲ್ಲಿ ಇವನಿಗೆ ಸಿಗುವುದು ಒಂದು ಸಾಲು: 'ವಿಜಯನಗರಕ್ಕೆ ಭೇಟಿ ನೀಡಿದ ವಿದೇಶಿ ಪ್ರವಾಸಿಗರು' ಎಂಬ ಪಟ್ಟಿಯಲ್ಲಿ ನಿಕೊಲೊ ಕೊಂಟಿ, ಅಬ್ದುಲ್ ರಜಾಕ್, ಆಮೇಲೆ ಈತ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಮಂಡ್ಯ ಸೀಮೆಯವರು ಪಾಯೆಸನನ್ನು ಪಟ್ಟಿಯಿಂದ ಹೊರಗೆಳೆದು ಓದಬೇಕು. ಅವನು ಕಾವೇರಿ ದಾಟಿದ್ದಕ್ಕೆ ಸಾಕ್ಷಿಯಿಲ್ಲ, ಮದ್ದೂರು, ಮಳವಳ್ಳಿಗಳ ಹೆಸರನ್ನು ಅವನು ಎತ್ತುವುದಿಲ್ಲ. ಆದರೂ ಹಂಪಿಯಲ್ಲಿ ಕೂತೇ ಅವನು ಈ ಸೀಮೆಯ ತೂಕವನ್ನು ಸರಿಯಾಗಿ ಅಳೆದ. ಯಾರು ಎಲ್ಲಿ ಕೂತರು ಎಂದು ನೋಡಿ ಬರೆದ. ಮದುವೆಮನೆಯಲ್ಲಿ ಯಾವ ಬೀಗರಿಗೆ ಎಲ್ಲಿ ಚಾಪೆ ಹಾಸಿದರು ಎಂಬುದರಲ್ಲೇ ಅರ್ಧ ಸಂಗತಿ ಗೊತ್ತಾಗುವಂತೆ, ಅರಮನೆಯ ರಾಜಕಾರಣವೂ ಆಸನದಲ್ಲಿ ಗೊತ್ತಾಗುತ್ತದೆ.

ಪಾಯೆಸ್ ಆ ದೊರೆಯ ಹೆಸರನ್ನು 'ಕುಮಾರವೀರ್ಯ' ಎಂದು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ. ಕುಮಾರ ವೀರಯ್ಯ ಇರಬೇಕು ಎನ್ನುತ್ತಾರೆ ಇತಿಹಾಸಕಾರರು. ಶ್ರೀರಂಗಪಟ್ಟಣ ಮಾತ್ರವಲ್ಲ, ಮಲಬಾರಿನ ಗಡಿಗೆ ತಾಗುವ ನೆಲವೆಲ್ಲ ಈತನದು ಎಂದೂ ಸೇರಿಸುತ್ತಾನೆ. ತುಸು ಉತ್ಪ್ರೇಕ್ಷೆ ಇದ್ದೀತು, ಆದರೆ ಬುಡವಿಲ್ಲದ ಮಾತಲ್ಲ. ಶ್ರೀರಂಗಪಟ್ಟಣದಿಂದ ಹೆಗ್ಗಡದೇವನಕೋಟೆ ಹಾದು ಕಾಡು ದಾಟಿದರೆ ವಯನಾಡು. ಆಗ ಮೈಸೂರು ಎಂಬುದು ಹಿರಿಯ ಬೆಟ್ಟದ ಚಾಮರಾಜರ ಕೈಯಲ್ಲಿದ್ದ ಸಣ್ಣ ಪಾಳೆಯಪಟ್ಟು, ದೊಡ್ಡವರ ನಡುವೆ ಅದಕ್ಕೆ ಹೇಳಿಕೊಳ್ಳುವ ಹೆಸರಿರಲಿಲ್ಲ.

ಇನ್ನೊಂದು ಕಡೆ ಪಾಯೆಸ್ ರಾಣಿಯರ ವಿಚಾರ ಬರೆಯುತ್ತಾನೆ. ರಾಜನಿಗೆ ಹನ್ನೆರಡು ಮಂದಿ ಧರ್ಮಪತ್ನಿಯರು, ಅವರಲ್ಲಿ ಮೂವರು ಮುಖ್ಯರು. ಒಬ್ಬಳು ಒಡಿಶಾದ ದೊರೆಯ ಮಗಳು. ಒಬ್ಬಳು ರಾಜನಾಗುವ ಮೊದಲೇ ಅವನ ಪ್ರೀತಿ ಗೆದ್ದಿದ್ದ ನರ್ತಕಿ. ಇನ್ನೊಬ್ಬಳು ಶ್ರೀರಂಗಪಟ್ಟಣದ ಸಾಮಂತನ ಮಗಳು. ತಿರುಪತಿಯ ಗುಡಿಯಲ್ಲಿ ಕೃಷ್ಣದೇವರಾಯನ ಎಡಬಲಕ್ಕೆ ನಿಂತಿರುವ ಕಂಚಿನ ಮೂರ್ತಿಗಳಲ್ಲಿ ಒಂದು ತಿರುಮಲದೇವಿಯದು, ಇನ್ನೊಂದು ಚಿನ್ನಾದೇವಿಯದು. ಪಾಯೆಸ್ ಹೇಳುವ ಶ್ರೀರಂಗಪಟ್ಟಣದ ಮಗಳೇ ತಿರುಮಲದೇವಿ ಎಂದು ಬಹುಪಾಲು ವಿದ್ವಾಂಸರು ಗುರುತಿಸಿದ್ದಾರೆ. ಮೂವರಿಗೂ ಮನೆ, ಆಳುಕಾಳು, ಒಡವೆ ಸರಿಸಮ. ಒಬ್ಬಳಿಗೊಂದು ಹೆಚ್ಚು, ಇನ್ನೊಬ್ಬಳಿಗೊಂದು ಕಡಿಮೆ ಆಗಿ ಮನಸ್ತಾಪ ಬಾರದಿರಲಿ ಎಂದು ಹಾಗೆ ಮಾಡಿದ್ದಂತೆ.

ಈ ಬೀಗತನ ಬರೀ ಮದುವೆಯ ಮಾತಲ್ಲ. ಕೃಷ್ಣದೇವರಾಯ 1509ರಲ್ಲಿ ಪಟ್ಟಕ್ಕೆ ಬಂದಾಗ ದಕ್ಷಿಣದಲ್ಲಿ ಅವನ ತಲೆನೋವು ಉಮ್ಮತ್ತೂರಿನ ಗಂಗರಾಜ. ಈಗಿನ ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಕಾವೇರಿ ಎರಡಾಗಿ ಸೀಳಿ ಧುಮುಕುತ್ತದಲ್ಲ, ಆ ಶಿವನಸಮುದ್ರದ ದ್ವೀಪದಲ್ಲಿ ಅವನ ಕೋಟೆ. ಸುತ್ತ ಹೊಳೆ, ಕೆಳಗೆ ಪ್ರಪಾತ, ಮುತ್ತಿಗೆ ಹಾಕುವವನಿಗೆ ಅದಕ್ಕಿಂತ ಕೆಟ್ಟ ಜಾಗ ಬೇರೆ ಸಿಗುವುದಿಲ್ಲ. ಗಗನಚುಕ್ಕಿ ನೋಡಲು ಹೋಗುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಅಲ್ಲೊಂದು ಯುದ್ಧವಾಗಿತ್ತೆಂಬುದೇ ಗೊತ್ತಿರಲಾರದು. ರಾಯನ ದಂಡು ಮೊದಲು ಉಮ್ಮತ್ತೂರನ್ನು ಹಿಡಿದು, ಆಮೇಲೆ ಶಿವನಸಮುದ್ರಕ್ಕೆ ಬಂತು. ತಪ್ಪಿಸಿಕೊಳ್ಳಲು ಹೋದ ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತ. ಆ ಸೀಮೆಯ ಆಡಳಿತದ ಕೇಂದ್ರ ಶ್ರೀರಂಗಪಟ್ಟಣವಾಯಿತು. ಇದೆಲ್ಲ 1512ರ ಹೊತ್ತಿಗೆ ಮುಗಿದಿತ್ತು. ಅದಾಗಿ ಎಂಟೊಂಬತ್ತು ವರ್ಷಕ್ಕೆ ಪಾಯೆಸ್ ಬಂದು, ಶ್ರೀರಂಗಪಟ್ಟಣದವನು ಮುಂದೆ ಕೂತದ್ದನ್ನು ಕಂಡ. ಆ ಆಸನ ಹೇಗೆ ಬಂತೆಂದು ಅವನು ಕೇಳಲಿಲ್ಲ, ನಾವು ಊಹಿಸಬಹುದು.

ಅಷ್ಟಕ್ಕೂ ಈ ಪರಂಗಿಯವರಿಗೆ ಹಂಪಿಯಲ್ಲಿ ಏನು ಕೆಲಸ? ಮೆಣಸಿಗಾಗಿ ಬಂದವರು ಎಂದು ಓದಿದ್ದೇವೆ. ಮಲಬಾರಿನ ಮಟ್ಟಿಗೆ ಅದು ನಿಜ. 1497ರ ಜುಲೈನಲ್ಲಿ ನಾಲ್ಕು ಹಡಗು, ಸುಮಾರು 170 ಮಂದಿಯೊಂದಿಗೆ ಲಿಸ್ಬನ್ ಬಿಟ್ಟ ವಾಸ್ಕೊ ಡ ಗಾಮ ಮರುವರ್ಷ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ. ಹಿಂದಿರುಗುವಾಗ ಕಾರವಾರದ ಎದುರಿನ ಅಂಜುದ್ವೀಪದಲ್ಲಿ ಲಂಗರು ಹಾಕಿ, ಹಡಗಿನ ತಳ ಉಜ್ಜಿಸಿ, ಕುಡಿಯುವ ನೀರು ತುಂಬಿಕೊಂಡು ಅಕ್ಟೋಬರಿನಲ್ಲಿ ಹೊರಟ. ಗಾಳಿ ಸರಿಯಾಗಿ ಬೀಸದ ಕಾಲ. ಆಫ್ರಿಕದ ದಡ ಕಾಣಲು ಸುಮಾರು ಮೂರು ತಿಂಗಳು ಬೇಕಾಯಿತು. ಹಸಿ ಹಣ್ಣು, ಸೊಪ್ಪು ಸಿಗದೆ ಒಸಡು ಊದಿ, ಹಲ್ಲು ಸಡಿಲವಾಗಿ, ಮೈಯೆಲ್ಲ ಬಾತುಕೊಂಡು ಆ ಒಂದೇ ದಾಟುವಿಕೆಯಲ್ಲಿ ಮೂವತ್ತು ಮಂದಿ ಸತ್ತರು. ಹೊರಟವರಲ್ಲಿ ಮೂರನೇ ಒಂದು ಪಾಲಿನಷ್ಟು ಜನ ಮಾತ್ರ ಊರು ಮುಟ್ಟಿದರು.

ಆಮೇಲಿನ ಹಡಗುಗಳು ಗಾಳಿಯ ಮರ್ಜಿ ಕಲಿತವು. ಮಾರ್ಚ್, ಏಪ್ರಿಲಿನಲ್ಲಿ ಲಿಸ್ಬನ್ ಬಿಟ್ಟರೆ ಆಫ್ರಿಕದ ತುದಿ ಸುತ್ತಿ ಮುಂಗಾರಿನ ಬೆನ್ನೇರಿ ಸೆಪ್ಟೆಂಬರಿಗೆ ಗೋವೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಕರಾವಳಿಯ ಬಂದರುಗಳಿಗೆ ಬೀಗ. ನಮ್ಮ ಕನ್ನಂಬಾಡಿ ಕಟ್ಟೆ ತುಂಬುವ ತಿಂಗಳುಗಳೇ ಅವರ ಹಡಗು ದಡ ಹಿಡಿದು ಕೂರುವ ತಿಂಗಳುಗಳು. ಕೊಡಗಿನ ಬೆಟ್ಟಕ್ಕೆ ಮಳೆ ಸುರಿಸುವ ಗಾಳಿಯೇ ಅವರನ್ನು ಕಟ್ಟಿಹಾಕುತ್ತಿತ್ತು.

ಘಟ್ಟದ ಮೇಲಿನ ನಮಗೆ ಅವರು ಮಾರಲು ತಂದದ್ದು ಕುದುರೆ. ದಕ್ಷಿಣದ ಹವೆಗೆ ಒಳ್ಳೆಯ ಕುದುರೆ ತಳಿ ಬೆಳೆಯುವುದಿಲ್ಲ. ಬಹಮನಿಗಳ ಮಕ್ಕಳಂತಿದ್ದ ಸುಲ್ತಾನರ ಎದುರು ಕುದುರೆ ಇಲ್ಲದೆ ಯುದ್ಧವಿಲ್ಲ. ಅರಬ್ಬಿ, ಪಾರಸಿ ಕುದುರೆಗಳು ಹೋರ್ಮುಜಿನಿಂದ ಹಡಗಿನಲ್ಲಿ ಭಟ್ಕಳಕ್ಕೋ ಗೋವೆಗೋ ಬಂದು, ಅಲ್ಲಿಂದ ಘಟ್ಟ ಹತ್ತಬೇಕು. 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ಸಲಹೆ ಕೇಳಿ ಗೋವೆ ಹಿಡಿದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್, ಅದೇ ವರ್ಷ ಲೂಯಿಸ್ ಎಂಬ ಪಾದ್ರಿಯನ್ನು ಕೃಷ್ಣದೇವರಾಯನ ಬಳಿಗೆ ಕಳುಹಿಸಿದ. ಅವನ ಕೈಯಲ್ಲಿದ್ದ ದೊಡ್ಡ ಆಮಿಷ ಕುದುರೆಯದೇ: ನಮ್ಮ ಜೊತೆ ನಿಂತರೆ ಕುದುರೆ ನಿಮಗೆ, ನಿಮ್ಮ ಶತ್ರುವಿಗಲ್ಲ.

ಈ ವ್ಯಾಪಾರದ ಒಳಗುಟ್ಟನ್ನು ಬಿಚ್ಚಿಟ್ಟವನು ಪಾಯೆಸ್ ಅಲ್ಲ, ಅವನ ನಂತರ ಸುಮಾರು 1535ರಿಂದ 1537ರವರೆಗೆ ಹಂಪಿಯಲ್ಲಿದ್ದ ಫೆರ್ನಾವೊ ನ್ಯೂನಿಜ್. ಈತ ಸ್ವತಃ ಕುದುರೆ ವ್ಯಾಪಾರಿ, ಆದ್ದರಿಂದ ಕಣ್ಣು ನೇರ ಲೆಕ್ಕದ ಮೇಲೆ. ಕೃಷ್ಣದೇವರಾಯನಿಗಿಂತ ಮೊದಲು ಆಳಿದ ಸಾಳುವ ನರಸಿಂಹನ ಕಾಲದ ಒಂದು ಸಂಗತಿ ಹೇಳುತ್ತಾನೆ: ಆ ರಾಜ ಕುದುರೆಯನ್ನು ಜೀವಂತವಿರಲಿ, ಸತ್ತಿರಲಿ ಕೊಳ್ಳುತ್ತಿದ್ದ, ಸಾವಿರ ಪರ್ದಾವು ನಾಣ್ಯಕ್ಕೆ ಮೂರರಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ಹಣ ಎಣಿಸುತ್ತಿದ್ದ. ಪೆದ್ದುತನದಂತೆ ಕಾಣುವ ಈ ಕರಾರಿನ ಹಿಂದೆ ಪಳಗಿದ ಬುದ್ಧಿಯಿದೆ. ಸಮುದ್ರದ ನಷ್ಟವನ್ನು ರಾಜ ತನ್ನ ತಲೆಗೆ ಹಾಕಿಕೊಂಡರೆ ವ್ಯಾಪಾರಿ ಎದೆಗುಂದದೆ ಮತ್ತೆ ಹಡಗು ತುಂಬುತ್ತಾನೆ.

ನಂತರದ ರಾಜರು ಇನ್ನೂ ಚಾಲಾಕು. ನ್ಯೂನಿಜ್ ಪ್ರಕಾರ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಖರೀದಿ, ಹೋರ್ಮುಜಿನವೂ ನಾಡತಳಿಯವೂ ಸೇರಿ. ಒಳ್ಳೆಯವನ್ನು ತನ್ನ ಲಾಯಕ್ಕೆ ಕಟ್ಟಿಕೊಂಡು, ಉಳಿದವನ್ನು ಸಾವಿರ ಪರ್ದಾವಿಗೆ ಐದರಂತೆ ದಂಡನಾಯಕರಿಗೆ ರಾಜ ಹಂಚುತ್ತಿದ್ದ. ಬೇಡ ಎನ್ನುವಂತಿಲ್ಲ. ದುಡ್ಡನ್ನು ಸೆಪ್ಟೆಂಬರ್ ತಿಂಗಳೊಳಗೆ ಕಟ್ಟಬೇಕು. ಆ ದುಡ್ಡಿನಿಂದ ಪೋರ್ಚುಗೀಸರ ಅರಬ್ಬಿ ಕುದುರೆಯ ಬಾಕಿ ಚುಕ್ತಾ. ಖಜಾನೆಯಿಂದ ಬಿಡಿಗಾಸು ಹೊರಗೆ ಹೋಗುವುದಿಲ್ಲ. ದಂಡನಾಯಕರು ಆ ದುಡ್ಡನ್ನು ಎಲ್ಲಿಂದ ತರುತ್ತಿದ್ದರು? ತಮ್ಮ ಸೀಮೆಯ ರೈತರಿಂದ. ಹುರುಳಿ, ರಾಗಿ ಬೆಳೆಯುವ ಹೊಲದ ಕಂದಾಯ ಹಂಪಿಗೆ ಹೋಗಿ, ಅಲ್ಲಿಂದ ಗೋವೆಗೆ ಇಳಿದು, ಹೋರ್ಮುಜಿನ ಕುದುರೆಯಾಗಿ ಮರಳುತ್ತಿತ್ತು. ಕಡಲನ್ನು ಕಾಣದ ಬಯಲುಸೀಮೆ ಕಡಲಿನ ವ್ಯಾಪಾರಕ್ಕೆ ಸೇರಿಕೊಂಡದ್ದು ಹೀಗೆ. ಮಳೆಗಾಲ ಮುಗಿದು ಬಂದರು ತೆರೆಯುವುದೂ, ದಂಡನಾಯಕರು ಬಾಕಿ ಕಟ್ಟುವುದೂ, ಮಹಾನವಮಿಗೆ ಎಲ್ಲರೂ ಹಂಪಿಯಲ್ಲಿ ನೆರೆಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಬ್ಬದಲ್ಲಿ ಅಲಂಕರಿಸಿದ ಕುದುರೆಗಳ ಮೆರವಣಿಗೆ ನೋಡಿ ಬೆರಗಾದ ಪರಂಗಿಯವರಲ್ಲಿ ಕೆಲವರಾದರೂ ಮನಸ್ಸಿನಲ್ಲೇ ಬೆಲೆ ಕಟ್ಟಿರಬೇಕು.

ಪಾಯೆಸ್ ಬಂದದ್ದೂ ಕ್ರಿಸ್ಟೋವಾವೊ ದೆ ಫಿಗೈರೆದೊ ಎಂಬವನ ಜೊತೆಯಲ್ಲಿ. ಈ ಫಿಗೈರೆದೊ ಕುದುರೆ ತಂದವನು, ರಾಯಚೂರಿನ ಮುತ್ತಿಗೆಯಲ್ಲಿ ತನ್ನ ಕೋವಿಗಾರರೊಂದಿಗೆ ನಿಂತು ಕೋಟೆಯ ಮೇಲಿನವರನ್ನು ಹೊಡೆದು ರಾಯನ ಮೆಚ್ಚುಗೆ ಪಡೆದವನು. ರಾಜನಿಗೆ ಕಾಣಿಕೆಯಾಗಿ ಆರ್ಗನ್ ವಾದ್ಯ ತಂದಿದ್ದ, ಅದು ರಾಜನಿಗೆ ಬಲು ಇಷ್ಟವಾಯಿತು. ಅತಿಥಿಗಳ ಬಿಡಾರಕ್ಕೆ ಕುರಿ, ಕೋಳಿ, ಬೆಣ್ಣೆ, ಜೇನಿನ ಗಡಿಗೆಗಳು ಬಂದವು. ಆ ಸಲುಗೆಯಿಂದಲೇ ಪಾಯೆಸನಿಗೆ ಅರಮನೆಯ ಒಳಭಾಗ, ದಂತದ ಕೋಣೆ ಎಲ್ಲ ನೋಡಲು ಸಿಕ್ಕಿದ್ದು. ರಾಜನನ್ನು ಅವನು ವರ್ಣಿಸುವ ರೀತಿ ಆಸ್ಥಾನಕವಿಯದಲ್ಲ. ನಡುವಣ ಎತ್ತರ, ಬಣ್ಣ ಬಿಳುಪು, ತುಸು ತುಂಬಿದ ಮೈ, ಮುಖದಲ್ಲಿ ಸಿಡುಬಿನ ಕಲೆ. ನಗುಮುಖದವನು, ಆದರೆ ಕೋಪ ಬಂದರೆ ಬಂತು.

ಬೆಳಗಿನ ಜಾವ ರಾಜ ಒಂದು ಲೋಟದಷ್ಟು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಸಾಮು ಮಾಡಿ, ಜಟ್ಟಿಯೊಬ್ಬನ ಜೊತೆ ಕುಸ್ತಿ ಆಡಿ, ಬೆಳಕು ಹರಿಯುವವರೆಗೆ ಕುದುರೆ ಓಡಿಸುತ್ತಿದ್ದನಂತೆ. ಗರಡಿಮನೆಯ ಮಣ್ಣು ಮೆಟ್ಟಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮಹಾನವಮಿಯ ಕುಸ್ತಿ ಮಾತ್ರ ಪಾಯೆಸನಿಗೆ ದಿಗಿಲು ಹುಟ್ಟಿಸಿತು. ನಮ್ಮ ದೇಶದ ಕುಸ್ತಿಯಂತಲ್ಲ ಇದು, ಹಲ್ಲು ಉದುರುವಂತೆ, ಕಣ್ಣು ಕೀಳುವಂತೆ, ಮುಖದ ಗುರುತೇ ಸಿಗದಂತೆ ಗುದ್ದುತ್ತಾರೆ ಎಂದು ಬರೆದ. ಮೈಸೂರು ದಸರೆಯಲ್ಲಿ ಈಗಲೂ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗ ಬಲ್ಲವರಿಗೆ ಇದರ ವಂಶ ಯಾವುದೆಂದು ಹೇಳಿಕೊಡಬೇಕಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದು ಅಲ್ಲೇ ದಸರಾ ಶುರುಮಾಡಿದಾಗ, ಹಂಪಿಯ ಹಬ್ಬ ಹಂಪಿಯ ಬೀಗರ ಊರಿಗೇ ಬಂದು ಸೇರಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೆರೆಯ ಪ್ರಕರಣ. ಈಗಿನ ಹೊಸಪೇಟೆಯ ಬಳಿ ಎರಡು ಬೆಟ್ಟದ ನಡುವೆ ರಾಜ ಕೆರೆ ಕಟ್ಟಿಸುತ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡಿದ್ದರಿಂದ ಅವರು ತುಳಿಯುತ್ತಿದ್ದ ನೆಲವೇ ಪಾಯೆಸನಿಗೆ ಕಾಣಲಿಲ್ಲ. ಕೆಲಸವನ್ನು ದಂಡನಾಯಕರಿಗೆ ಪಾಲು ಹಾಕಿ ಹಂಚಿದ್ದರು. ಕೆರೆ ಎರಡು ಮೂರು ಸಲ ಒಡೆಯಿತು. ಬ್ರಾಹ್ಮಣರನ್ನು ಕೇಳಿದರೆ ದೇವರಿಗೆ ಬಲಿ ಬೇಕೆಂದರು, ಅರುವತ್ತು ಮಂದಿಯನ್ನೂ ಕುದುರೆ, ಕೋಣಗಳನ್ನೂ ಕಡಿದರು ಎನ್ನುತ್ತಾನೆ. ನ್ಯೂನಿಜ್ ಅದೇ ಕತೆ ಹೇಳಿ, ಕಡಿದದ್ದು ಮರಣದಂಡನೆಗೆ ಅರ್ಹರಾದ ಕೈದಿಗಳನ್ನು ಎಂದು ಸೇರಿಸುತ್ತಾನೆ. 'ಕೆರೆಗೆ ಹಾರ'ದ ಭಾಗೀರಥಿಯ ಕತೆ ಕೇಳಿ ಬೆಳೆದ ನಾವು ಇದನ್ನು ಪರಂಗಿಯವರ ಕಟ್ಟುಕತೆ ಎಂದು ತಳ್ಳಿಹಾಕುವ ಹಾಗಿಲ್ಲ.

ಆ ಕೆಲಸಕ್ಕೆ ಗೋವೆಯಿಂದ ಜೊವಾವೊ ದೆ ಲಾ ಪೊಂತೆ ಎಂಬ ಕಲ್ಲುಕೆಲಸದ ಮೇಸ್ತ್ರಿಯನ್ನು ರಾಜ ಕರೆಸಿಕೊಂಡಿದ್ದ. ಮೇಸ್ತ್ರಿಗೆ ಇದು ಆಗದ ಕೆಲಸ ಎಂದೇ ಅನ್ನಿಸಿತು, ಆದರೂ ಒಪ್ಪಿಕೊಂಡು ಸುಣ್ಣ ಸುಡಿಸಿ ಎಂದ. ರಾಜ ಜೋರಾಗಿ ನಕ್ಕನಂತೆ. ಈ ದೇಶದವರಿಗೆ ಮನೆ ಕಟ್ಟಲು ಸುಣ್ಣ ಬಳಸುವುದೇ ಗೊತ್ತಿಲ್ಲ, ಅದಕ್ಕೇ ನಕ್ಕ ಎಂಬುದು ನ್ಯೂನಿಜ್ ಕೊಡುವ ಕಾರಣ. ಇಲ್ಲಿ ನ್ಯೂನಿಜ್ ಎಡವಿದ. ಹಂಪಿಯ ಗೋಪುರಗಳ ಮೇಲೆ, ಕಮಲ ಮಹಲಿನ ಗೋಡೆಯ ಮೇಲೆ ಗಾರೆ ಕೆಲಸ ಇವತ್ತಿಗೂ ಅಂಟಿಕೊಂಡಿದೆ. ಸುಣ್ಣ ಗೊತ್ತಿಲ್ಲದವರು ಅದನ್ನು ಮಾಡಲು ಸಾಧ್ಯವೇ? ರಾಜ ನಕ್ಕದ್ದು ನಿಜವಾದರೆ, ಮಣ್ಣು, ಬಂಡೆಯಿಂದ ಏರಿ ಹಾಕಿ ಕೆರೆ ಕಟ್ಟುತ್ತ ಬಂದ ನಾಡಿನಲ್ಲಿ ಕೆರೆಗೆ ಸುಣ್ಣದ ಗೂಡು ಹಾಕಿಸುವ ಖರ್ಚಿಗೆ ನಕ್ಕಿರಬಹುದು. ಕೊನೆಗೆ ನಿಂತದ್ದೂ ಬಂಡೆಗಳನ್ನು ಉರುಳಿಸಿ ಹಾಕಿದ ಏರಿಯೇ, ಕೆಳಗೆ ನೀರು ಬಿಡಲು ತೂಬುಗಳು. ವಿಚಿತ್ರವೆಂದರೆ ನಾಲ್ಕು ಶತಮಾನದ ನಂತರ, 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ನಮ್ಮ ಕನ್ನಂಬಾಡಿ ಕಟ್ಟೆ ಎದ್ದು ನಿಂತದ್ದು ಸಿಮೆಂಟಿನಿಂದಲ್ಲ, ಸುಣ್ಣ ಮತ್ತು ಇಟ್ಟಿಗೆಪುಡಿ ಸೇರಿಸಿ ಅರೆದ ಸುರ್ಕಿ ಗಾರೆಯಿಂದ.

ಕೆರೆ ತುಂಬಿದ ಮೇಲೆ ರಾಜ ಮಾಡಿದ್ದನ್ನು ನ್ಯೂನಿಜ್ ಗಮನಿಸಿದ್ದಾನೆ. ಅಚ್ಚುಕಟ್ಟಿನ ನೆಲವನ್ನು ಒಂಬತ್ತು ವರ್ಷ ಕಂದಾಯವಿಲ್ಲದೆ ರೈತರಿಗೆ ಬಿಟ್ಟ. ಗದ್ದೆ ಮಾಡಿ, ಮಡಿ ಕಟ್ಟಿ, ತೋಟ ಎಬ್ಬಿಸಲು ಅಷ್ಟು ಕಾಲ ಬೇಕೆಂದು ಅವನಿಗೆ ಗೊತ್ತಿತ್ತು. ನ್ಯೂನಿಜ್ ಬರೆಯುವ ಹೊತ್ತಿಗೆ ಅಲ್ಲಿಂದ ಇಪ್ಪತ್ತು ಸಾವಿರ ಪರ್ದಾವು ಹುಟ್ಟುವಳಿ. ಹೊಲ ಗದ್ದೆಯಾಗುವುದು ಎಂದರೇನೆಂದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆ ಬರುವ ಮೊದಲು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಹುಭಾಗ ರಾಗಿಯ ಬೆದ್ದಲು. ಮಳೆ ನೀರು ನಿಂತ ಕೆರೆಯೇ ಗತಿ. ಘಟ್ಟ ಹತ್ತಿ ಬಂದ ಪಾಯೆಸ್ ದಾರಿಯುದ್ದಕ್ಕೂ ಕಂಡದ್ದೂ ಅಂಥ ಕೆರೆಗಳನ್ನೇ: ದನ, ಎಮ್ಮೆ ಇಳಿದು ಕದಡಿದ ನೀರು, ಅದನ್ನೇ ಊರೆಲ್ಲ ಕುಡಿಯುವುದು. ನಾಲೆ ಬಂದ ಮೇಲೆ 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಜಿಲ್ಲೆ. ನೀರಿಗೆ ಲೆಕ್ಕ ಬರೆದ ನ್ಯೂನಿಜ್ ಬದುಕಿದ್ದರೆ ಈ ಹುಟ್ಟುವಳಿಯನ್ನೂ ಬಿಡದೆ ಬರೆದುಕೊಳ್ಳುತ್ತಿದ್ದ.

ಕೃಷ್ಣದೇವರಾಯನ ನಂತರ ಪಟ್ಟಕ್ಕೆ ಬಂದ ಅಚ್ಯುತರಾಯನ ಬಗ್ಗೆ ಮಾತ್ರ ನ್ಯೂನಿಜ್ ಕಿಡಿ ಕಾರುತ್ತಾನೆ, ಅವನನ್ನು ಕೈಲಾಗದವನೆಂದು ಚಿತ್ರಿಸುತ್ತಾನೆ. ಕುದುರೆ ವ್ಯಾಪಾರಿಯ ಮಾತನ್ನು ಕುದುರೆಯ ಬೆಲೆ ತಿಳಿದು ಓದಬೇಕು ಎಂಬುದು ನನ್ನ ಅಭಿಪ್ರಾಯ. ಪಾಯೆಸ್ ಇನ್ನೊಂದು ಬಗೆಯವನು. ಬೆಟ್ಟ ಹತ್ತಿ ಹಂಪಿಯನ್ನು ನೋಡಿ ರೋಮಿನಷ್ಟು ದೊಡ್ಡದು ಎಂದವನು, ಬೆಟ್ಟಗಳ ಮರೆಯಿಂದ ಪೂರ್ತಿ ಕಾಣಲಿಲ್ಲ ಎಂದೂ ಜೊತೆಗೇ ಸೇರಿಸಿದವನು. ಕಂಡದ್ದೆಷ್ಟು, ಕಾಣದ್ದೆಷ್ಟು ಎಂದು ಹೇಳುವ ಸಾಕ್ಷಿಯನ್ನು ನಾನು ಹೆಚ್ಚು ನಂಬುತ್ತೇನೆ.

ಅವನು ಕಂಡ ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ, ನಿಂಬೆ, ಮಾವು, ಹಲಸು ರಾಶಿ ಬಿದ್ದಿದ್ದವು. ಮೆಣಸಿನಕಾಯಿಯಂತೂ ಅಲ್ಲಿಲ್ಲ. ಅಮೆರಿಕದ ಆ ಕಾಯಿ ಇವರ ಹಡಗಿನಲ್ಲೇ ಬಂದು ಇಲ್ಲಿ ನೆಲೆಯೂರಿತು. ಮದ್ದೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಬಿಸಿ ವಡೆ ಮುರಿದಾಗ ಈರುಳ್ಳಿಯ ನಡುವೆ ಹಲ್ಲಿಗೆ ಸಿಗುವ ಹಸಿಮೆಣಸಿನ ಚೂರು ಕೃಷ್ಣದೇವರಾಯನ ಊಟದ ಎಲೆಗೆ ಬಿದ್ದಿರಲಾರದು. ಅವನಿಗೆ ಖಾರ ಎಂದರೆ ಕರಿಮೆಣಸು. ಕುದುರೆ ವ್ಯಾಪಾರ ಹೆಸರಿಲ್ಲದೆ ಹೋಯಿತು, ಲೆಕ್ಕಕ್ಕೇ ಬಾರದೆ ಬಂದ ಕಾಯಿ ಉಪ್ಪೆಸರಿನ ಖಾರವಾಗಿ ಉಳಿಯಿತು.

ಪೋರ್ಚುಗೀಸರ ಲೋಕದವರು ಶ್ರೀರಂಗಪಟ್ಟಣಕ್ಕೇ ಕಾಲಿಟ್ಟದ್ದು ಆಮೇಲೆ. ಗೋವೆಯ ಜೆಸ್ಯೂಟ್ ಮಿಷನ್ನಿನ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತ. ಇನ್ನೊಂದು ಶತಮಾನ ಕಳೆದ ಮೇಲೆ ಪೆಶೋಟೊ ಎಂಬ ಪೋರ್ಚುಗೀಸ್ ಸೇನಾಧಿಕಾರಿ ಹೈದರಾಲಿಯ ದಂಡಿನಲ್ಲಿ ಕೆಲಸ ಮಾಡಿ, 1758ರಿಂದ 1770ರವರೆಗಿನ ಸಂಗತಿಗಳನ್ನು ಬರೆದಿಟ್ಟ. ಇವರಿಬ್ಬರ ಕತೆ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ.

ಪಾಯೆಸ್, ನ್ಯೂನಿಜರ ಬರಹ ಯುರೋಪಿಗೆ ಹೋಗಿ ಮುನ್ನೂರೈವತ್ತು ವರ್ಷ ಕಾಗದಗಳ ನಡುವೆ ಬಿದ್ದಿತ್ತು. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ದಾವಿದ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಮದರಾಸಿನ ಸಿವಿಲ್ ಅಧಿಕಾರಿಯಾಗಿದ್ದ ರಾಬರ್ಟ್ ಸೆವೆಲ್ ಅದನ್ನು ಇಂಗ್ಲಿಷಿಗೆ ತಂದು 1900ರಲ್ಲಿ ವಿಜಯನಗರದ ಮೇಲಿನ ತನ್ನ ಪುಸ್ತಕದಲ್ಲಿ ಸೇರಿಸಿದ. ಅದೇ ದಶಕದಲ್ಲಿ, 1894ರಲ್ಲಿ, ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟ ಹೊರತಂದಿದ್ದ. ಶ್ರೀರಂಗಪಟ್ಟಣ, ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ಕಲ್ಲುಬರಹಗಳೆಲ್ಲ ಅದರಲ್ಲಿವೆ: ಯಾವ ಊರನ್ನು ಯಾರಿಗೆ ದತ್ತಿ ಬಿಟ್ಟರು, ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ, ಯಾವ ತೆರಿಗೆ ಮಾಫಿ. ಪರಂಗಿಯವನಿಗೆ ಸಿಂಹಾಸನದ ಸುತ್ತಲಿನ ಆಸನಗಳು ಕಂಡವು, ಆ ಆಸನದ ಖರ್ಚು ತೆತ್ತ ಊರುಗಳ ಹೆಸರು ಈ ಕಲ್ಲುಗಳಲ್ಲಿವೆ. ಕುಮಾರ ವೀರಯ್ಯನನ್ನು ಹುಡುಕಿ ಹೊರಟವರು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಟ್ಟುಕೊಂಡೇ ಕೂರಬೇಕು.